ಫಿಟ್ಟರನ ಕಾರಿಗೆ ಟೈಲರಮ್ಮನ ಕಿವಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಟೈಲರಮ್ಮ ಅಂತ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ ಹೊಲಿಗೆ ಯಂತ್ರ ಹಾಕಿಕೊಂಡು ಮೂವತ್ತು ವರ್ಷದಿಂದ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ, ಕೊರಳಲ್ಲಿ ಅಳತೆಯ ಟೇಪು. ಬಂದವರು ಬಾಗಿಲಲ್ಲಿ ನಿಂತು ಮಾತಾಡಿದರೆ ತಲೆ ಎತ್ತದೆ ಹೂಂಗುಟ್ಟುವಳು, ಆದರೆ ಒಂದು ಮಾತನ್ನೂ ನೆಲಕ್ಕೆ ಬೀಳಲು ಬಿಡುವವಳಲ್ಲ. ಕಿವಿ ಅಷ್ಟು ಚುರುಕು. ಪಕ್ಕದ ಮನೆಯ ಒಲೆಯ ಮೇಲೆ ಹಾಲು ಉಕ್ಕಲು ಬಂದರೆ ಟೈಲರಮ್ಮ ತನ್ನ ಮನೆಯಿಂದಲೇ ಕೂಗಿ ಹೇಳುತ್ತಾಳೆ ಎಂದು ಜನ ನಗುತ್ತಿದ್ದರು. ಒಮ್ಮೆ ನಿಜವಾಗಿಯೂ ಹಾಗೇ ಆಗಿತ್ತು.

ಅವಳ ಗಂಡನಿಗೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ. ಅವನು ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಫಿಟ್ಟರ್ ಆಗಿದ್ದವನು. ಇನ್ನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಸ್ಪ್ಯಾನರ್ ಹಿಡಿದು ಓಡಾಡಿದ್ದ. ಮದುವೆಯಾದ ಹೊಸದರಲ್ಲಿ ಪಿಸುಮಾತೂ ಕೇಳುತ್ತಿತ್ತು. ಮಗಳು ಶಾಲೆಗೆ ಸೇರುವ ಹೊತ್ತಿಗೆ ಪ್ರತಿ ಮಾತನ್ನೂ ಎರಡು ಸಲ ಹೇಳಬೇಕಾಯಿತು. ಮಗಳ ಮದುವೆಯ ಹೊತ್ತಿಗೆ, ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ. ಗಿರಣಿಯವರಿಗೆ ಇದೇನು ಹೊಸದಲ್ಲ. ಆ ಗದ್ದಲದಲ್ಲಿ ಮಾತು ಯಾರಿಗೂ ಕೇಳುವುದಿಲ್ಲವಾದ್ದರಿಂದ ತುಟಿ ನೋಡಿ ಮಾತು ಹಿಡಿಯುವುದರಲ್ಲಿ ಎಲ್ಲರೂ ನಿಸ್ಸೀಮರು. ಟೈಲರಮ್ಮನೂ ಆ ವಿದ್ಯೆ ಕಲಿತಳು. ಗಂಡ ಹೆಂಡತಿ ಎದುರುಬದುರು ಕೂತು ಉಣ್ಣುವಾಗ ಹೊರಗಿನವರು ಕಿಟಕಿಯಲ್ಲಿ ಇಣುಕಿದರೆ, ತೊಟ್ಟಿಯ ಮೀನುಗಳ ಹಾಗೆ ಇಬ್ಬರೂ ಸದ್ದಿಲ್ಲದೆ ಬಾಯಿ ಆಡಿಸುತ್ತಿರುವುದು ಕಾಣುತ್ತಿತ್ತು. ಇದರಲ್ಲಿ ಅವಳಿಗೊಂದು ಅನುಕೂಲವೂ ಇತ್ತೆನ್ನಿ. ಬೆನ್ನು ತಿರುಗಿಸಿದರೆ ಸಾಕು, ಗಂಡನನ್ನು ಮನಸಾರೆ ಬೈದುಕೊಳ್ಳಬಹುದಿತ್ತು.

ಗಿರಣಿ ಮುಚ್ಚಿದ ವರ್ಷ ಕಾರು ಮನೆಗೆ ಬಂತು. ಮ್ಯಾನೇಜರರ ಬಂಗಲೆಯ ಹಿಂದೆ ತಗಡಿನ ಮಾಡಿನ ಕೆಳಗೆ ಎಷ್ಟೋ ಕಾಲದಿಂದ ನಿಂತಿದ್ದ, ಫಿಟ್ಟರನಿಗಿಂತಲೂ ನಾಲ್ಕು ವರ್ಷ ಹಿರಿಯದಾದ ದುಂಡು ಬೆನ್ನಿನ ಕಾರು. ಟೈರುಗಳು ನೆಲಕ್ಕೆ ಅಂಟಿದ್ದವು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತು ಮರಿ ಮಾಡಿತ್ತು. ಬಂಗಲೆ ಖಾಲಿ ಮಾಡುವವರು ಗುಜರಿಗೆ ಹಾಕಲು ಹೊರಟಿದ್ದರು. ನನಗೆ ಕೊಡುತ್ತೀರಾ ಎಂದು ಫಿಟ್ಟರ್ ಕೇಳಿದ. ತಗೊಂಡು ಹೋಗು, ಪೀಡೆ ತೊಲಗಿತು ಅಂದರು. ಕೆಲಸ ಕಳೆದುಕೊಂಡ ಎಂಟು ಮಂದಿ ಜೊತೆಗಾರರು ಮೆರವಣಿಗೆಯ ಹಾಗೆ ಅದನ್ನು ತಳ್ಳಿಕೊಂಡು ಬಂದು ಮನೆಯ ಪಕ್ಕದ ಓಣಿಗೆ ಸೇರಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಟೈಲರಮ್ಮ ಆ ದಿನ ಬೆನ್ನು ತಿರುಗಿಸದೆ, ಅವನ ಎದುರೇ ನಿಂತು, ಅವನು ತುಟಿ ಓದಲೆಂದು ಬಿಡಿಸಿ ಬಿಡಿಸಿ ಹೇಳಿದಳು. ಅವನು ಓದಿಕೊಂಡು, ನಕ್ಕು, ಕೈ ತೊಳೆಯಲು ಹೋದ.

ಓಣಿಗೆ ಮಾಡು ಬಂತು, ಅಡುಗೆಮನೆಯಿಂದ ಅಲ್ಲಿಗೊಂದು ಬಾಗಿಲು ಬಂತು. ಫಿಟ್ಟರ್ ಒಂದು ಲೇತ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಹಿಡಿದ; ಉಳಿದರ್ಧ ದಿನ ಕಾರಿನ ಕೆಳಗೆ. ಎರಡು ವರ್ಷ ಹಾಗೇ ಹೋಯಿತು. ಅವಳ ದೊಡ್ಡ ಪಾತ್ರೆಯಲ್ಲಿ ಸೀಮೆಎಣ್ಣೆ ಸುರಿದು ಕಾರ್ಬುರೇಟರ್ ತೊಳೆದ. ಅವಳು ಆ ಪಾತ್ರೆಯನ್ನು ಮತ್ತೆ ಮುಟ್ಟಲಿಲ್ಲ. ಪಿಸ್ಟನ್ನುಗಳು ಒಂದು ಮಳೆಗಾಲ ಪೂರ್ತಿ ಮಂಚದ ಕೆಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿದ್ದವು. ಸೀಟುಗಳ ಸರದಿ ಬಂದಾಗ ಅವನು ಏನೂ ಕೇಳಲಿಲ್ಲ, ಹರಿದ ಸೀಟನ್ನು ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟು ಹೋದ. ಅವಳು ಎರಡು ದಿನ ಅದನ್ನು ಕಾಲಿನಿಂದ ಆಚೆ ತಳ್ಳುತ್ತ ಕೆಲಸ ಮಾಡಿದಳು. ಮೂರನೆಯ ದಿನ ಹೊಲಿಗೆ ಬಿಚ್ಚಿ ನೋಡಿದಳು. ಹಳೆಯ ಕಾಲದವರು ಸೀಟಿನ ಅಂಚಿಗೆ ಎಷ್ಟು ಚೆನ್ನಾಗಿ ದಾರ ಕೂರಿಸಿದ್ದಾರೆ ಎನ್ನುವುದು ಕಂಡ ಮೇಲೆ, ತನ್ನ ಕೈ ಅದಕ್ಕಿಂತ ಕಡಿಮೆಯಾಗಬಾರದು ಎಂಬ ಹಟ ಹತ್ತಿತು. ಕಡುಗೆಂಪು ರೆಕ್ಸಿನ್ ಹೊಲಿಯುವಷ್ಟರಲ್ಲಿ ಹನ್ನೊಂದು ಸೂಜಿ ಮುರಿದವು.

ಎಂಜಿನ್ ಮೊದಲ ಸಲ ಹತ್ತಿಕೊಂಡ ದಿನ ಫಿಟ್ಟರ್ ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿ ನಿಂತ. ಅವನ ಲೆಕ್ಕವೆಲ್ಲ ಕೈಯಲ್ಲಿ. ನಡುಕ ಹದವಾಗಿದೆ ಅಂದುಕೊಂಡ ಅವನ ಮುಖ ಅರಳಿತು. ಟೈಲರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ಕಿವಿ ಮುಚ್ಚಿಕೊಂಡಳು. ಒಳಗೆ ಯಾರೋ ಚಮಚ ಹಿಡಿದು ತಟ್ಟೆ ಬಡಿಯುತ್ತಿದ್ದ ಹಾಗಿತ್ತು. ಅವನ ಭುಜ ತಟ್ಟಿ ತಿರುಗಿಸಿ ಹೇಳಿದಳು.

“ಒಳಗೆ ಏನೋ ಬಡ್ಕೊಳ್ತಿದೆ ರೀ. ಬಾಬಿನ್ ಸಡ್ಲ ಆದ್ರೆ ನನ್ನ ಮಿಷಿನ್ನು ಹೀಗೇ ಟಕಟಕ ಅನ್ನುತ್ತೆ.”

“ಜೋರಾಗಾ, ಬೇಗ ಬೇಗನಾ?”

“ಬೇಗ ಬೇಗ. ನೀವು ವೇಗ ಕೊಟ್ರೆ ಅದೂ ಜೊತೇಲಿ ಓಡುತ್ತೆ.”

ಅವನು ಎಂಜಿನ್ ನಿಲ್ಲಿಸಿ ಒಂದು ಗಳಿಗೆ ಯೋಚಿಸಿದ. ಮೇಲಿನ ಮುಚ್ಚಳ ಬಿಚ್ಚಿ, ವಾಲ್ವುಗಳ ಸಂದಿನಲ್ಲಿ ತೆಳುವಾದ ಉಕ್ಕಿನ ಪಟ್ಟಿ ತೂರಿಸಿ ಅಳೆದು, ಎಂಟೂ ಸಂದುಗಳನ್ನು ಬಿಗಿ ಮಾಡಿದ. ಮತ್ತೆ ಹತ್ತಿಸಿದಾಗ ಅವಳು ತಲೆಯಾಡಿಸಿದಳು. ತಟ್ಟೆ ಬಡಿಯುವವನು ಎದ್ದು ಹೋಗಿದ್ದ.

ಅಂದಿನಿಂದ ಟೈಲರಮ್ಮ ಆ ಕಾರಿಗೆ ಕಿವಿಯಾದಳು. ಭಾಗಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ತನ್ನ ಮನೆಯ ಸದ್ದುಗಳಲ್ಲೇ ಹೇಳುತ್ತಿದ್ದಳು. ಕೆಸರಲ್ಲಿ ಸಿಕ್ಕಿದ ನಾಯಿಮರಿ ಕುಂಯ್ ಅಂದ ಹಾಗೆ ಎಂದರೆ ಫ್ಯಾನ್ ಬೆಲ್ಟ್ ಸಡಿಲವಾಗಿದೆ ಎಂದು ಅವನಿಗೆ ತಿಳಿಯುತ್ತಿತ್ತು. ತಣ್ಣಗಿರುವಾಗ ಚುಸ್ ಚುಸ್ ಎಂದು, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ ಎಂದರೆ ಹೊಗೆ ಕೊಳವೆಯ ಬಾಯಿಯ ಗ್ಯಾಸ್ಕೆಟ್ ಒಡೆದಿದೆ. ಏರು ಹತ್ತುವಾಗ ಮುಚ್ಚಿದ ಪಾತ್ರೆಯಲ್ಲಿ ಜೋಳ ಅರಳಿದ ಹಾಗೆ ಎಂದರೆ ಕಿಡಿ ಹಾರುವುದು ಹೊತ್ತಿಗೆ ಮುಂಚೆಯೇ ಆಗುತ್ತಿದೆ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಎಕ್ಸಿಲರೇಟರ್ ತುಳಿದು ಹೇಳುವುದು, ಅವನು ಬಾನೆಟ್ಟಿನ ಆಚೆಯಿಂದ ಕತ್ತು ಚಾಚಿ ಗಾಜಿನೊಳಗೆ ಅವಳ ತುಟಿ ನೋಡುವುದು. ಕಾರು ಓಡಿಸುವಾಗ ಹಿಂದಿನಿಂದ ಹಾರ್ನ್ ಬಂದರೆ ಅವಳು ಅವನ ಮಂಡಿಗೆ ಒಂದು ತಟ್ಟು. ಎಡಗಡೆಯಿಂದ ಬಂದರೆ ಎರಡು. ಇಷ್ಟರಿಂದಲೇ ಅವರ ಸಂಸಾರದ ಮಾತುಕತೆ ಎಷ್ಟೋ ಹೆಚ್ಚಿತು. ಮೊದಲೆಲ್ಲ ಊಟದ ಹೊತ್ತಿನಲ್ಲಿ ಉಪ್ಪು, ನೀರು, ಸಾಕು, ಬೇಕು, ಈಗ ಗಂಟೆಗಟ್ಟಲೆ.

ಬ್ರೇಕಿನ ಗಲಾಟೆಯಾದದ್ದು ಕಾರು ಓಡತೊಡಗಿದ ಆರನೆಯ ವರ್ಷ. ಮಗಳು ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಮನೆಯೂ ಅಲ್ಲೇ. ಅವಳ ಪುಟ್ಟ ಮಗಳನ್ನು ಕೂರಿಸಿಕೊಂಡು ನೀರಿನ ಟ್ಯಾಂಕಿನ ಗುಡ್ಡಕ್ಕೆ ಹೋಗಿ ಇಳಿಯುವಾಗ ಹಳೆಯ ಬ್ರೇಕು ಕಾದು ಹಿಡಿಯದೆ ಹೋಯಿತು. ಫಿಟ್ಟರ್ ಗಾಬರಿಯಾಗದೆ ಗೇರ್ ಇಳಿಸಿ, ಮನೆ ಕಟ್ಟುವವರು ರಸ್ತೆ ಬದಿ ಸುರಿದಿದ್ದ ಮರಳಿನ ರಾಶಿಗೆ ಕಾರಿನ ಮೂತಿ ಹೂತು ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಮೊಮ್ಮಗಳು ಇನ್ನೊಂದು ಸಲ ಹಾಗೆ ಮಾಡು ತಾತ ಅಂದಳು. ಅದನ್ನು ಅವಳು ಮನೆಗೆ ಹೋಗಿ ತಾಯಿಯ ಮುಂದೆಯೂ ಹೇಳಿದ್ದೇ ತಪ್ಪಾಯಿತು. ಹೊಸ ಬ್ರೇಕು ಬರುವ ತನಕ ತನ್ನ ಮಗು ಈ ಕಾರು ಹತ್ತುವುದಿಲ್ಲ ಎಂದು ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು.

ಆ ಊರಿನಲ್ಲಿ ಇಂಥದೇ ಹಳೆಯ ಕಾರು ಇಟ್ಟುಕೊಂಡವನು ಇನ್ನೊಬ್ಬನಿದ್ದ, ಗಡಿಯಾರ ರಿಪೇರಿಯವನು. ಭಾನುವಾರ ಬೆಳಗ್ಗೆ ಫಿಟ್ಟರನ ಓಣಿಗೆ ಬಂದು ಮಣೆ ಎಳೆದು ಕೂರುವುದು ಅವನ ಪದ್ಧತಿ. ಒಂದು ಮೊಳೆಯೂ ಬದಲಾಗಬಾರದು, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು ಎನ್ನುವ ಜಾತಿಯವನು ಅವನು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುತ್ತೇನೆ, ಬ್ಯಾಟರಿಗೆ ಕರೆಂಟು ತುಂಬುವ ಹಳೆಯ ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸುತ್ತೇನೆ, ಸೀಟ್ ಬೆಲ್ಟೂ ಹಾಕುತ್ತೇನೆ ಎಂದು ಫಿಟ್ಟರ್ ಹೇಳಿದಾಗ ಅವನು ಮುಖ ಹಿಂಡಿದ. ಹಾಗಾದರೆ ಇದು ಒರಿಜಿನಲ್ ಕಾರು ಅಂತ ಹೇಗೆ ಹೇಳುತ್ತೀ ಎಂದು ಕೇಳಿದ. ಫಿಟ್ಟರ್ ಬಾಯಿ ತೆರೆದು ತನ್ನ ಕೆಳಗಿನ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಎತ್ತಿ ತೋರಿಸಿದ.

“ಇದೂ ಒರಿಜಿನಲ್ ಅಲ್ಲ ಕಣಯ್ಯಾ. ಆದ್ರೂ ನನ್ನನ್ನ ನಾನೇ ಅಂತಾರಲ್ಲ ಎಲ್ಲರೂ.”

ಗಡಿಯಾರದವನು ಒಂದು ತಿಂಗಳು ಬರಲಿಲ್ಲ. ಆ ತಿಂಗಳಲ್ಲಿ ಫಿಟ್ಟರ್ ಹೊಸ ಮಾದರಿಯ ಕಾರೊಂದರ ಡಿಸ್ಕುಗಳನ್ನು ತಂದು, ಲೇತ್ ಅಂಗಡಿಯಲ್ಲಿ ತಾನೇ ಬ್ರಾಕೆಟ್ ಕಡೆದು ಕೂರಿಸಿದ. ಸೀಟ್ ಬೆಲ್ಟಿನ ಪಟ್ಟಿಯನ್ನು ಟೈಲರಮ್ಮ ತಾನು ಹೊಲಿಯುವುದಿಲ್ಲ ಎಂದಳು. ಅದು ಜೀವ ಹಿಡಿಯುವ ದಾರ, ಅದನ್ನು ಕಂಪನಿಯವರೇ ಹೊಲಿಯಲಿ, ನನಗೆ ನನ್ನ ಮಿತಿ ಗೊತ್ತು ಅಂದಳು. ಎಲ್ಲ ಮುಗಿದ ಮೇಲೆ ಮಗಳನ್ನೇ ಕೂರಿಸಿಕೊಂಡು ಅದೇ ಗುಡ್ಡ ಇಳಿದು, ಮರಳಿನ ರಾಶಿ ಇದ್ದ ಜಾಗದಲ್ಲಿ ಎಳನೀರಿನ ಹಾಗೆ ತಣ್ಣಗೆ ನಿಲ್ಲಿಸಿ ತೋರಿಸಿದ.

ಮಗಳು ಒಪ್ಪಿದಳು. ಒಪ್ಪಿದವಳು ಅಷ್ಟಕ್ಕೇ ಬಿಡಲಿಲ್ಲ.

“ಕಾರಿಗೆ ಹೊಸ ಬ್ರೇಕು ಆಯ್ತು, ಹೊಸ ಬೆಲ್ಟು ಆಯ್ತು. ನಿನ್ನ ಕಿವಿ ಮಾತ್ರ ಹೀಗೇ ಇರ್ಬೇಕಾ ಅಪ್ಪಾ?”

ಹತ್ತು ವರ್ಷದಿಂದ ಈ ಮಾತು ತುಟಿಯ ಮೇಲೆ ಕಂಡೊಡನೆ ಅವನು ಕಣ್ಣು ಬೇರೆ ಕಡೆ ತಿರುಗಿಸಿಬಿಡುತ್ತಿದ್ದ. ಈ ಸಲ ತನ್ನ ಹಲ್ಲಿನ ಮಾತೇ ತನಗೆ ತಿರುಗಿ ಬಂದದ್ದರಿಂದ ಆಗಲಿ ಎಂದು ತಲೆಯಾಡಿಸಿದ. ಟೈಲರಮ್ಮನಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಬೆನ್ನ ಹಿಂದಿನ ಬೈಗುಳ ನಿಲ್ಲಿಸಬೇಕಾಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡು ನಕ್ಕಳು. ಅದು ಕಾರಣವಲ್ಲ ಎಂದು ಅವಳಿಗೂ ಗೊತ್ತಿತ್ತು.

ಕಿವಿಯ ಡಾಕ್ಟರು ಎರಡೂ ಕಿವಿಗೆ ಅವರೆಕಾಳಿನಷ್ಟು ದೊಡ್ಡ ಯಂತ್ರ ಕೂರಿಸಿ ಕಳಿಸಿದರು. ಮನೆಗೆ ಬಂದ ಫಿಟ್ಟರ್ ಆ ದಿನವೆಲ್ಲ ಹೊಸಬರ ಮನೆಗೆ ಬಂದ ನೆಂಟನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ನಲ್ಲಿ ತೊಟ್ಟಿಕ್ಕುತ್ತದೆ ಅಂದ. ಬಾಗಿಲು ಕಿರುಗುಟ್ಟುತ್ತದೆ ಅಂದ, ಎದ್ದು ಹೋಗಿ ಎಣ್ಣೆ ಹಾಕಿದ. ಹೊಲಿಗೆ ಯಂತ್ರ ಓಡುವಾಗ ಪಕ್ಕದಲ್ಲಿ ಬಂದು ನಿಂತು ಬಹಳ ಹೊತ್ತು ಕೇಳಿದ. ಇಷ್ಟು ಚೆನ್ನಾಗಿ ಓಡುತ್ತಾ ಇದು ಅಂದ. ಟೈಲರಮ್ಮ ಮುಗಿದ ಹೊಲಿಗೆಯ ಮೇಲೆಯೇ ಇನ್ನೊಂದು ಸಲ ಯಂತ್ರ ಓಡಿಸಿದಳು. ಮೂವತ್ತು ವರ್ಷದಲ್ಲಿ ತನ್ನ ಕೆಲಸದ ಸದ್ದು ಗಂಡನಿಗೆ ಸರಿಯಾಗಿ ಕೇಳಿಸಿದ್ದು ಅಂದೇ.

ಮರುದಿನ ಅವನು ಓಣಿಗೆ ಹೋಗಿ ಕಾರು ಹತ್ತಿಸಿದ. ಹತ್ತಿಸಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಕೈಗೆ ಬೆಕ್ಕಿನ ಗುರುಗುರು ಅನ್ನಿಸುತ್ತಿದ್ದ ಎಂಜಿನ್ ಕಿವಿಗೆ ಸಂತೆಯಾಗಿತ್ತು. ಫ್ಯಾನು, ಬೆಲ್ಟು, ಚೈನು, ಗೇರು ಎಲ್ಲವೂ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಅದರಲ್ಲಿ ಯಾವುದು ಒಳ್ಳೆಯ ಸದ್ದು, ಯಾವುದು ಕೆಟ್ಟದ್ದು ಎಂದು ಬಿಡಿಸಲು ಅವನಿಗೆ ಬಾರದು. ಆ ಗದ್ದಲದ ನಡುವೆ ಒಂದು ಸಿಳ್ಳೆ ಮಾತ್ರ ಸ್ಪಷ್ಟವಾಗಿ ಕೇಳಿತು. ಸಣ್ಣಗೆ, ಸೂಜಿಯ ಹಾಗೆ. ಬಾನೆಟ್ಟಿನೊಳಗೆ ಬಗ್ಗಿದರೆ ಜೋರಾಗುತ್ತಿತ್ತು.

ಟೈಲರಮ್ಮ ಎಂದಿನಂತೆ ಡ್ರೈವರ್ ಸೀಟಿನಲ್ಲಿ ಕೂತು ಕೇಳಿದಳು. ಸಿಳ್ಳೆಯಿಲ್ಲ, ಎಲ್ಲ ಸರಿಯಾಗಿದೆ ಅಂದಳು.

“ಇದೆ. ನಂಗೆ ಈಗ ಕೇಳುತ್ತೆ” ಅಂದ ಅವನು.

ಹೇಳಿದ್ದು ಅಷ್ಟೇ. ಸಿಟ್ಟಿನಿಂದಲೂ ಹೇಳಲಿಲ್ಲ. ಆದರೆ ಆರು ವರ್ಷದಲ್ಲಿ ಮೊದಲ ಸಲ ಅವಳ ಕಿವಿಯನ್ನು ಅವನು ನಂಬಲಿಲ್ಲ. ಅವಳು ಕಾರಿನಿಂದಿಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಒಳಗೆ ಹೋಗಿ ಕಾಲರುಗಳ ರಾಶಿಯ ಮುಂದೆ ಕೂತಳು. ಆ ವಾರವೆಲ್ಲ ಓಣಿಯ ಕಡೆ ತಲೆ ಹಾಕಲಿಲ್ಲ. ಚಹಾ ಆಗಿದ್ದರೆ ಅಡುಗೆಮನೆಯಿಂದಲೇ ಕೂಗುವಳು, ಈಗಂತೂ ಕೇಳುತ್ತಲ್ಲ.

ಅವನು ಬೆಲ್ಟ್ ಬದಲಿಸಿದ. ಸಿಳ್ಳೆ ಹೋಗಲಿಲ್ಲ. ನೀರಿನ ಪಂಪು ಬಿಚ್ಚಿ ಬೇರಿಂಗ್ ಹೊಸದು ಹಾಕಿದ. ಇಲ್ಲ. ತಾನೇ ಅಷ್ಟು ಆಸೆಯಿಂದ ಕೂರಿಸಿದ್ದ ಆಲ್ಟರ್ನೇಟರ್ ತೆಗೆದು, ಅದರ ಹೊಟ್ಟೆ ಬಗೆದು ನೋಡಿದ; ಅದೂ ನಿರಪರಾಧಿ. ಮುಖ ಸಣ್ಣಗಾಯಿತು. ಉಣ್ಣುವಾಗಲೂ ತಟ್ಟೆಯ ಕಡೆ ತಲೆ ಬಗ್ಗಿಸಿ ಯಾವುದೋ ಲೋಕದಲ್ಲಿರುತ್ತಿದ್ದ. ಗಡಿಯಾರದವನು ಈ ಹೊತ್ತಿಗೆ ರಾಜಿಯಾಗಿ ಬಂದವನು, ಹೊಸ ಸಾಮಾನು ಹಾಕಿದ್ದಕ್ಕೇ ಹೀಗಾಯಿತು, ನಾನು ಹೇಳಿರಲಿಲ್ಲವೇ ಎಂದು ಗಾಯಕ್ಕೆ ಉಪ್ಪು ಸವರಿ ಹೋದ.

ಎಂಟನೆಯ ದಿನ ಮಧ್ಯಾಹ್ನ ಕೂಗಿದರೂ ಗಂಡ ಚಹಾಕ್ಕೆ ಬರಲಿಲ್ಲ. ಟೈಲರಮ್ಮ ಸೋತು ಲೋಟ ಹಿಡಿದು ಓಣಿಗೆ ಹೋದಳು. ಎಂಜಿನ್ ನಿಂತಿತ್ತು. ಅವನು ಬಾನೆಟ್ಟಿನೊಳಗೆ ಅರ್ಧ ದೇಹ ತೂರಿಸಿ, ಎಂಜಿನ್ನಿಗೆ ಕೆನ್ನೆ ಕೊಟ್ಟ ಹಾಗೆ ಬಗ್ಗಿ ಏನೋ ನಟ್ಟು ಬಿಚ್ಚುತ್ತಿದ್ದ. ಆಗ ಅವಳಿಗೆ ಸಿಳ್ಳೆ ಕೇಳಿತು. ಸಣ್ಣಗೆ, ಸೂಜಿಯ ಹಾಗೆ. ಓಡದೇ ಇರುವ ಕಾರು ಸಿಳ್ಳೆ ಹಾಕುವುದೆಂದರೇನು? ಅವಳು ಲೋಟ ಹಿಡಿದುಕೊಂಡೇ ನಿಂತು ಕಿವಿಗೊಟ್ಟಳು. ಅವನು ತಲೆ ಎತ್ತಿದ, ಸಿಳ್ಳೆ ನಿಂತಿತು. ಬಗ್ಗಿದ, ಬಂತು. ಅವನು ಎಡಗಿವಿಯನ್ನು ರೇಡಿಯೇಟರಿನ ಹತ್ತಿರ ಒಯ್ದಷ್ಟೂ ಹೆಚ್ಚಾಯಿತು.

ಅವಳಿಗೆ ನಗು ತಡೆಯಲಾಗಲಿಲ್ಲ. ಚಹಾ ಕೈಮೇಲೆ ತುಳುಕಿತು. ಗಂಡನ ತೋಳು ಹಿಡಿದು ಮುಂದಿನ ಕೋಣೆಗೆ ಎಳೆದುಕೊಂಡು ಹೋಗಿ, ಹೊಲಿಗೆ ಯಂತ್ರಕ್ಕೆ ಕಿವಿ ಕೊಟ್ಟು ಬಗ್ಗಿ ಅಂದಳು. ಬಗ್ಗಿದ. ಸಿಳ್ಳೆ. ಗೋಡೆಗೆ ಕೊಡಿ ಅಂದಳು. ಸಿಳ್ಳೆ. ಕೊನೆಗೆ ತನ್ನ ಅಂಗೈಯನ್ನೇ ಅವನ ಕಿವಿಯ ಹತ್ತಿರ ಹಿಡಿದಳು.

“ಕೇಳಿದ್ರಾ? ಕಾರಿಗೆ ಏನೂ ಆಗಿಲ್ಲ. ಸಿಳ್ಳೆ ಹಾಕ್ತಿರೋದು ನಿಮ್ಮ ಕಿವಿ.”

ಫಿಟ್ಟರ್ ಕುರ್ಚಿಯಲ್ಲಿ ಕುಸಿದು ಕೂತ. ಒಂದು ಬೆಲ್ಟು, ಒಂದು ಬೇರಿಂಗು, ಎಂಟು ದಿನ. ಟೈಲರಮ್ಮ ಮಗಳಿಗೆ ಫೋನ್ ಮಾಡಿ ಕೇಳಿದಾಗ, ಆ ಯಂತ್ರ ಕಿವಿಯಲ್ಲಿ ಸರಿಯಾಗಿ ಕೂತಿಲ್ಲದಿದ್ದರೆ ಹತ್ತಿರ ಏನಾದರೂ ಬಂದಾಗ ಹೀಗೆ ಕೂಗುತ್ತದೆ, ಡಾಕ್ಟರು ಮೊದಲ ದಿನವೇ ಹೇಳಿದ್ದರು, ಅಪ್ಪ ಆ ಹೊತ್ತಿನಲ್ಲಿ ಆಸ್ಪತ್ರೆಯ ಫ್ಯಾನಿನ ಬೇರಿಂಗ್ ಹೋಗಿದೆ ಅಂತ ಮೇಲೆ ನೋಡುತ್ತಿದ್ದ ಅಂದಳು. ಅವನು ಎರಡೂ ಯಂತ್ರ ಕಳಚಿ ಡಬ್ಬಿಗೆ ಹಾಕಿ, ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕ ಇಟ್ಟ.

“ಬಾ. ಆಲ್ಟರ್ನೇಟರ್ ವಾಪಸ್ ಕೂರಿಸ್ತೀನಿ. ಸರಿಯಾಗಿದ್ಯಾ ಅಂತ ನೀನು ಹೇಳು” ಅಂದ.

ಅದೇ ಅವನ ಕ್ಷಮಾಪಣೆ. ಅವಳಿಗೆ ಅಷ್ಟು ಸಾಕಾಯಿತು. ಎಂದಿನಂತೆ ಕಡುಗೆಂಪು ಸೀಟಿನಲ್ಲಿ ಕೂತು ತುಳಿದಳು, ಕೇಳಿದಳು, ಗಾಜಿನೊಳಗಿಂದ ಬಾಯಿ ಬಿಡಿಸಿ ಸರಿಯಾಗಿದೆ ಅಂದಳು. ಅವನು ತುಟಿ ಓದಿ ಬಾನೆಟ್ ಇಳಿಸಿದ.

ಮುಂದೆ ಅದೇ ರೂಢಿಯಾಯಿತು. ಮನೆಯೊಳಗೆ ಕಿವಿಯ ಯಂತ್ರ, ಓಣಿಯಲ್ಲಿ ಹೆಂಡತಿ. ಯಂತ್ರ ಕಿವಿಯಲ್ಲಿ ಸರಿಯಾಗಿ ಕೂರುವಂತೆ ಡಾಕ್ಟರು ಅದರ ಅಚ್ಚು ಬದಲಿಸಿಕೊಟ್ಟ ಮೇಲೆ ಸಿಳ್ಳೆ ನಿಂತಿತು, ಆದರೂ ರೂಢಿ ಬದಲಾಗಲಿಲ್ಲ. ಮನೆಯೊಳಗೆ ಹೊಸ ಸಂಗತಿಗಳು ನಡೆದವು. ಒಂದು ಸಂಜೆ ದೀಪ ಹಚ್ಚದೆ ಇಬ್ಬರೂ ಸುಮ್ಮನೆ ಕೂತಿದ್ದಾಗ, ಮುಖ ಕಾಣದ ಆ ಮಬ್ಬಿನಲ್ಲಿ ಅವಳು ಏನೋ ಹೇಳಿದಳು, ಅವನು ಉತ್ತರ ಕೊಟ್ಟ. ಕತ್ತಲಲ್ಲಿ ಮಾತಾಡಿ ಎಷ್ಟು ವರ್ಷವಾಗಿತ್ತು ಎಂದು ಇಬ್ಬರಿಗೂ ಲೆಕ್ಕ ಸಿಗಲಿಲ್ಲ.

ಗಡಿಯಾರದವನಿಗೆ ಸಿಳ್ಳೆಯ ಕತೆ ತಿಳಿದು ಅವನು ಊರೆಲ್ಲ ಹೇಳಿ ನಗಿಸಿದ. ನಗಿಸಿದವನೇ ಮುಂದಿನ ಭಾನುವಾರ ತನ್ನ ಕಾರನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿದ. ಹೊರಡುವಾಗ ಹಿಂದುಗಡೆ ಏನೋ ಸದ್ದು, ಮೂರು ಮೆಕ್ಯಾನಿಕ್ಕುಗಳು ನೋಡಿದರು, ಒಬ್ಬೊಬ್ಬರು ಒಂದೊಂದು ಹೇಳಿದರು, ಅಕ್ಕ ಒಮ್ಮೆ ಕೂತು ಕೇಳಬಹುದೇ ಎಂದು ಕೇಳಿದ. ಫಿಟ್ಟರನನ್ನು ಕೇಳಲಿಲ್ಲ, ಅವಳನ್ನು ಕೇಳಿದ. ಟೈಲರಮ್ಮ ಸೆರಗಿಗೆ ಚುಚ್ಚಿದ್ದ ಸೂಜಿ ತೆಗೆದು ಬಟ್ಟೆಗೆ ಸಿಕ್ಕಿಸಿ, ಟೇಪನ್ನು ಕುರ್ಚಿಗೆ ಹಾಕಿ ಬಂದು ಕೂತಳು. ಬೀದಿಯ ತುದಿಯವರೆಗೆ ಹೋಗಿ ಬಂದರು. ನಿಲ್ಲಿಸು, ಮತ್ತೆ ಹೊರಡು ಅಂದಳು. ಮೂರು ಸಲ ಹಾಗೆ ಮಾಡಿಸಿದಳು.

“ಹಳೇ ಬಾವಿ ಹಗ್ಗದ ಕೊಕ್ಕೆ ಇರುತ್ತಲ್ಲ, ಕೊಡ ಎತ್ತೋಕೆ ಶುರು ಮಾಡ್ದಾಗ ಒಂದೇ ಒಂದು ಸಲ ಟಣ್ ಅನ್ನುತ್ತೆ. ಹಾಗೆ. ನಡುಮಧ್ಯೆ, ನನ್ನ ಪಾದದ ಕೆಳಗೆ. ಹಿಂದೆ ಅಲ್ಲ.”

ಫಿಟ್ಟರ್ ಕಾರಿನ ಕೆಳಗೆ ನುಗ್ಗಿದ. ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ದಂಡದ ಮುಂದಿನ ಕೀಲು ಸವೆದು ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಗಡಿಯಾರದವನು ಮಣೆಯ ಮೇಲೆ ಕೂತು, ಒರಿಜಿನಲ್ ಕೀಲು ಎಲ್ಲಿ ಸಿಗುತ್ತದೋ ಎಂದು ತಲೆ ಕೆರೆದುಕೊಂಡ. ಹೊಸದು ಹಾಕಿಸು ಮಾರಾಯ, ಯಾರಿಗೂ ಹೇಳಲ್ಲ ಎಂದು ಫಿಟ್ಟರ್ ಕೆಳಗಿನಿಂದ ತಲೆ ಹೊರಗೆ ಚಾಚಿ, ಅವನ ತುಟಿ ಓದಿ ಅಂದ.

ಈಗ ತಿಂಗಳಿಗೆ ಎರಡು ಮೂರು ಭಾನುವಾರ ಯಾವುದಾದರೊಂದು ಕಾರು ಬಂದು ನಿಲ್ಲುತ್ತದೆ. ಪಕ್ಕದ ಊರಿನಿಂದಲೂ ಬರುತ್ತಾರೆ. ಟೈಲರಮ್ಮ ಕೇಳಿ ಹೇಳುವುದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಸೀಟು ಹರಿದಿದ್ದರೆ ಮಾತ್ರ ಬಿಡುವುದಿಲ್ಲ, ಇದನ್ನು ಹೀಗೆ ಇಟ್ಟುಕೊಳ್ಳುತ್ತಾರೇನಪ್ಪ ಎಂದು ಅಳತೆ ತೆಗೆದೇ ಕಳಿಸುತ್ತಾಳೆ. ಸಮವಸ್ತ್ರದ ಹೊಲಿಗೆ ಅರ್ಧಕ್ಕೆ ಇಳಿಸಿದ್ದಾಳೆ. ಮುಂದಿನ ಕೋಣೆಯಲ್ಲಿ ಈಗ ನೀಲಿ ಬಟ್ಟೆಯ ಥಾನುಗಳ ಪಕ್ಕ ರೆಕ್ಸಿನ್ನಿನ ಸುರುಳಿಗಳೂ ನಿಂತಿವೆ. ಕಳೆದ ವಾರ ದಪ್ಪ ಹೊಲಿಗೆಗೆಂದೇ ಒಂದು ದೊಡ್ಡ ಯಂತ್ರ ಬಂತು. ಅದನ್ನು ಕೂರಿಸುವಾಗ ಫಿಟ್ಟರ್ ಕಾಲುಗಳ ಮಟ್ಟ ನೋಡಿ, ಬೋಲ್ಟ್ ಬಿಗಿದು, ಎಣ್ಣೆ ಹಾಕಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ಕೂತ. ಓಡಿಸು, ಕೇಳೋಣ ಅಂದ. ಅವಳು ಒಂದು ತುಂಡು ರೆಕ್ಸಿನ್ ಇಟ್ಟು ಪೆಡಲ್ ಒತ್ತಿದಳು.